ಬಾಗಿಲಲ್ಲಿ ನಿಂತ ಅಪರಿಚಿತ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಕಣಗಲಾ ಗ್ರಾಮವು ಕರ್ನಾಟಕದ ಗಡಿಗೆ ಸಮೀಪದಲ್ಲಿದೆ. ಹೆದ್ದಾರಿಯನ್ನು ಹಿಡಿದು ಉತ್ತರಕ್ಕೆ ಸಾಗಿದರೆ ತವಂದಿ ಘಟ್ಟ, ಅದನ್ನು ದಾಟಿದರೆ ನಿಪ್ಪಾಣಿ, ಅದರಾಚೆ ಕೊಗನೋಳಿ, ಮುಂದೆ ಮಹಾರಾಷ್ಟ್ರ. ಕೊರೊನಾ ರೋಗವು ಹಬ್ಬಿದ್ದ 2020 ಮತ್ತು 2021ರಲ್ಲಿ ಹೊರಗಿನಿಂದ ಬಂದ ವಾಹನಗಳನ್ನು ಕೊಗನೋಳಿಯ ತಪಾಸಣಾ ಠಾಣೆಯಲ್ಲಿ ತಡೆದು ನಿಲ್ಲಿಸುತ್ತಿದ್ದರು. ತಡೆಯಲ್ಪಟ್ಟ ಪ್ರತಿಯೊಬ್ಬನೂ ರೋಗಿಯೇ ಆಗಿದ್ದನೆ? ಇಲ್ಲ. ಅವನು ಆರೋಗ್ಯವಂತನೆಂಬುದಕ್ಕೆ ಕಾವಲಿನವರ ಬಳಿ ಆಧಾರವಿರಲಿಲ್ಲ, ಅಷ್ಟೇ. ‘ಇವನನ್ನು ನಾನು ಅರಿಯೆ’ ಎನ್ನುವುದು ಬೇರೆ. ‘ಇವನು ಕೆಟ್ಟವನು’ ಎನ್ನುವುದು ಬೇರೆ. ಈ ಭೇದವನ್ನು ತಿಳಿದವನಿಗೆ ಗಣಕಯಂತ್ರದ ಒಂದು ದೊಡ್ಡ ಪಾಠವು ಅರ್ಧ ತಿಳಿದಂತೆಯೇ ಸರಿ.

ಇದೇ ಊರಿನ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಅವನ ಅಜ್ಜಿಗೆ ಬೀಸುವ ಕಲ್ಲಿನ ಪದಗಳು ಬಾಯಿಪಾಠ. ಅವಳು ಹಾಡುತ್ತಿರುವಾಗಲೇ ಅವುಗಳನ್ನು ಕನ್ನಡ ಲಿಪಿಯಲ್ಲಿ ಗಣಕಕ್ಕೆ ಇಳಿಸಬೇಕೆಂದು ಹುಡುಗನ ಆಸೆ. ಅದಕ್ಕಾಗಿ ಅಂತರಜಾಲದಿಂದ ಒಂದು ಕನ್ನಡ ತಂತ್ರಾಂಶವನ್ನು ಇಳಿಸಿಕೊಂಡನು. ತೆರೆಯಲು ಹೋದಾಗ ಪರದೆಯ ಮೇಲೆ ಒಂದು ಎಚ್ಚರಿಕೆ ಮೂಡಿತು: ಇದನ್ನು ತಯಾರಿಸಿದವರು ಯಾರೆಂಬುದು ತಿಳಿಯದು; ಆದ್ದರಿಂದ ತೆರೆಯುವುದಿಲ್ಲ. ಹುಡುಗನು ಮತ್ತೆ ಮತ್ತೆ ಒತ್ತಿದನು. ಯಂತ್ರವು ಅದೇ ಉತ್ತರವನ್ನು ಕೊಟ್ಟಿತು. ನೆರೆಮನೆಯ ಗೆಳೆಯನು ಬಂದು, ‘ಆ ಕಾವಲನ್ನೇ ತೆಗೆದುಹಾಕು, ಎಲ್ಲವೂ ತೆರೆಯುತ್ತದೆ’ ಎಂದನು. ಹುಡುಗನ ಕೈ ತಡೆಯಿತು. ಅದೇ ಯಂತ್ರದಲ್ಲಿ ತಂದೆಯ ಬ್ಯಾಂಕಿನ ವ್ಯವಹಾರವಿದೆ. ಹೊಲದ ಪಹಣಿ ಪತ್ರಿಕೆಯಿದೆ. ಅಕ್ಕನ ವಿದ್ಯಾರ್ಥಿವೇತನದ ಕಾಗದಪತ್ರಗಳಿವೆ. ಕಾವಲನ್ನು ತೆಗೆದರೆ ಇವಕ್ಕೆ ರಕ್ಷಣೆಯಿಲ್ಲ. ತೆಗೆಯದಿದ್ದರೆ ಅಜ್ಜಿಯ ಹಾಡು ಕಡತಕ್ಕೆ ಇಳಿಯುವುದಿಲ್ಲ. ಇವೆರಡರ ನಡುವೆ ಮೂರನೆಯ ದಾರಿಯಿಲ್ಲವೆ?

ದಾರಿಯನ್ನು ಹುಡುಕುವ ಮೊದಲು, ಈ ಕಾವಲು ಏಕೆ ಬಂದಿತೆಂಬುದನ್ನು ತಿಳಿಯಬೇಕು. ಮೊದಲಿನ ಗಣಕಗಳು ಬಲು ವಿಧೇಯ ಯಂತ್ರಗಳಾಗಿದ್ದವು. ಯಾವ ಕಡತವನ್ನು ತೆರೆದರೂ ಅದು ಹೇಳಿದಂತೆ ನಡೆಯುತ್ತಿದ್ದವು. 1982ರಲ್ಲಿ ಅಮೆರಿಕೆಯ ಹದಿನೈದು ವರ್ಷದ ಬಾಲಕನೊಬ್ಬನು ವಿನೋದಕ್ಕೆಂದು ಬರೆದ ‘ಎಲ್ಕ್ ಕ್ಲೋನರ್’ ಎಂಬ ಕ್ರಮವಿಧಿಯು ಫ್ಲಾಪಿಯಿಂದ ಫ್ಲಾಪಿಗೆ ತಾನಾಗಿ ಹರಡಿತು. 1986ರಲ್ಲಿ ಲಾಹೋರಿನಿಂದ ‘ಬ್ರೇನ್’ ಎಂಬ ವೈರಸ್ ಹೊರಟಿತು. 2000ದ ಮೇ ತಿಂಗಳಿನಲ್ಲಿಯಂತೂ ಪ್ರೇಮಪತ್ರದ ವೇಷ ಧರಿಸಿದ ಒಂದು ಕಡತವು ಫಿಲಿಪ್ಪೀನ್ಸ್ ದೇಶದಿಂದ ಹೊರಟು, ಕೆಲವೇ ಗಂಟೆಗಳಲ್ಲಿ ಖಂಡಖಂಡಗಳ ಕಚೇರಿಗಳನ್ನು ಹೊಕ್ಕಿತು. ಬೀಗ ಮುರಿಯುವ ಶ್ರಮವೇ ಅದಕ್ಕಿರಲಿಲ್ಲ. ಮನೆಯವರೇ ಕುತೂಹಲದಿಂದ ಬಾಗಿಲು ತೆರೆದಿದ್ದರು.

ಪೆಟ್ಟು ತಿಂದ ಮೇಲೆ ಬುದ್ಧಿ ಬಂದಿತು. 2004ರಲ್ಲಿ ವಿಂಡೋಸ್ ಗಣಕಗಳೂ 2007ರಲ್ಲಿ ಮ್ಯಾಕ್ ಗಣಕಗಳೂ ಅಂತರಜಾಲದಿಂದ ಬಂದ ಕಡತಗಳಿಗೆ ಗುರುತು ಹಾಕಿ, ತೆರೆಯುವಾಗ ಎಚ್ಚರಿಸಲು ಕಲಿತವು. ಸಂತೆಗೆ ಬಂದ ಚೀಲದ ಮೇಲೆ ಅದು ಬಂದ ಊರಿನ ಹೆಸರನ್ನು ಬರೆದಂತೆ ಈ ಗುರುತು. ಮ್ಯಾಕ್ ಗಣಕದಲ್ಲಿ ಇದರ ಹೆಸರೇ ಕ್ವಾರಂಟೈನ್. ಕೊಗನೋಳಿಯ ಠಾಣೆಯ ಮಾತನ್ನು ಇಲ್ಲಿ ನೆನೆಯಬಹುದು. 2012ರಲ್ಲಿ ಕಾವಲು ಇನ್ನಷ್ಟು ಬಲವಾಯಿತು. ಮ್ಯಾಕ್‌ನಲ್ಲಿ ‘ಗೇಟ್‌ಕೀಪರ್’ ಎಂಬ ದ್ವಾರಪಾಲಕನು ಬಂದನು. ವಿಂಡೋಸ್‌ನ ಎಂಟನೆಯ ಆವೃತ್ತಿಯಲ್ಲಿ ‘ಸ್ಮಾರ್ಟ್‌ಸ್ಕ್ರೀನ್’ ಎಂಬ ಕಾವಲುಗಾರನು ಗಣಕದೊಳಗೇ ನೆಲೆಸಿದನು.

ಈ ದ್ವಾರಪಾಲಕರು ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು, ‘ನಿನ್ನ ಮುದ್ರೆ ಎಲ್ಲಿ?’ ಹಿಂದೆ ಅಂಚೆಯಲ್ಲಿ ಕಳುಹಿಸುವ ಬೆಲೆಬಾಳುವ ಗಂಟಿಗೆ ಅರಗಿನ ಮುದ್ರೆ ಒತ್ತುತ್ತಿದ್ದರು. ಮುದ್ರೆಯಿಂದ ಕಳುಹಿಸಿದವರಾರೆಂದು ತಿಳಿಯುತ್ತಿತ್ತು. ದಾರಿಯಲ್ಲಿ ಗಂಟನ್ನು ಬಿಚ್ಚಿಲ್ಲವೆಂಬುದೂ ತಿಳಿಯುತ್ತಿತ್ತು. ಇಂದಿನ ಡಿಜಿಟಲ್ ಸಹಿಯು ಅಂಥದೇ ಮುದ್ರೆ. ತಂತ್ರಾಂಶದಲ್ಲಿ ಒಂದೇ ಒಂದು ಅಕ್ಷರವು ಬದಲಾದರೂ ಸಹಿಯು ಹೊಂದುವುದಿಲ್ಲ. ಎರಡನೆಯ ಪ್ರಶ್ನೆ, ‘ನಿನ್ನನ್ನು ಬಲ್ಲವರು ಯಾರು?’ ಬಹುಜನರು ಬಳಸಿ ತೊಂದರೆ ಕಾಣದ ತಂತ್ರಾಂಶವನ್ನು ಸ್ಮಾರ್ಟ್‌ಸ್ಕ್ರೀನ್ ತಡೆಯದೆ ಬಿಡುತ್ತದೆ. ಗೇಟ್‌ಕೀಪರ್ ಆದರೋ, ತಯಾರಕರು ತಂತ್ರಾಂಶವನ್ನು ಮೊದಲೇ ಆ್ಯಪಲ್ ಕಂಪನಿಗೆ ಕಳುಹಿಸಿ ತಪಾಸಣೆ ಮಾಡಿಸಿರಬೇಕೆಂದು ಬಯಸುತ್ತದೆ. 2019ರ ಕ್ಯಾಟಲೀನಾ ಆವೃತ್ತಿಯಿಂದ ಈ ನಿಯಮವು ಬಿಗಿಯಾಯಿತು.

ಕನ್ನಡಿಗರ ಕಷ್ಟವು ಇಲ್ಲಿಯೇ ಮೊದಲಾಗುತ್ತದೆ. ಗಣಕದಲ್ಲಿ ಕನ್ನಡವು ನೆಲೆಯೂರಿದ್ದು ಬಹುಮಟ್ಟಿಗೆ ಕೆಲವೇ ಜನರ ಶ್ರಮದಿಂದ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ‘ಬರಹ’ವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ಇವರ ಹಾದಿಯಲ್ಲಿ ಇಂದಿಗೂ ಅನೇಕರು ಸಣ್ಣ ಸಣ್ಣ ಸಾಧನಗಳನ್ನು ತಯಾರಿಸಿ ಉಚಿತವಾಗಿ ಹಂಚುತ್ತಿದ್ದಾರೆ. ಆದರೆ ಮುದ್ರೆಯು ಬಿಟ್ಟಿಗೆ ದೊರೆಯುವುದಿಲ್ಲ. ಆ್ಯಪಲ್ ಕಂಪನಿಯ ತಯಾರಕರ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್ ತೆರಬೇಕು. ಉಚಿತವಾಗಿ ಕೊಡುವವನು ಈ ಹಣವನ್ನು ಎಲ್ಲಿಂದ ತಂದಾನು? ಕೋಟಿಗಟ್ಟಲೆ ಜನ ಬಳಸುವ ಇಂಗ್ಲಿಷ್ ತಂತ್ರಾಂಶಕ್ಕೆ ಸಿಗುವ ಪರಿಚಯವು ಕೆಲವೇ ಸಾವಿರ ಜನ ಬಳಸುವ ಕನ್ನಡ ಸಾಧನಕ್ಕೆ ಸಿಕ್ಕೀತೆ? ಹೀಗಾಗಿ ಒಳ್ಳೆಯ ಅತಿಥಿಯೂ ಹಲವು ಸಲ ಬಾಗಿಲಲ್ಲಿಯೇ ನಿಲ್ಲಬೇಕಾಗುತ್ತದೆ.

ಹಾಗೆಂದು ಮುದ್ರೆಯುಳ್ಳವರೆಲ್ಲರೂ ಸಜ್ಜನರೆಂದು ತಿಳಿಯಬಾರದು. 2017ರಲ್ಲಿ ‘ಸಿಕ್ಲೀನರ್’ ಎಂಬ ಹೆಸರಾದ ತಂತ್ರಾಂಶದೊಳಕ್ಕೆ ದುಷ್ಕರ್ಮಿಗಳು ನುಸುಳಿ ಕೆಟ್ಟ ಕ್ರಮವಿಧಿಯನ್ನು ಸೇರಿಸಿದರು. ತಯಾರಕರ ಸರಿಯಾದ ಸಹಿಯೊಡನೆಯೇ ಅದು ಹೊರಬಂದಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಸೇರಿತು. ಆದುದರಿಂದ ಕಾವಲುಗಾರನ ‘ಹೌದು’ ಕೊನೆಯ ಮಾತಲ್ಲ; ಅವನ ‘ಅಲ್ಲ’ವೂ ಕೊನೆಯ ಮಾತಲ್ಲ. ಅವನು ಎಚ್ಚರಿಸುತ್ತಾನೆ, ವಿಚಾರಿಸಬೇಕಾದವನು ಮನೆಯ ಯಜಮಾನ.

ವಿಚಾರಿಸುವ ಕ್ರಮವೂ ಉಂಟು. ಮೊದಲು, ಕಡತವು ತಯಾರಕರ ಸ್ವಂತ ತಾಣದಿಂದಲೇ ಬಂದಿದೆಯೆ ಎಂಬುದನ್ನು ನೋಡಬೇಕು. ಯಾರೋ ಕಳುಹಿಸಿದ ಪ್ರತಿಯಾದರೆ ಅದನ್ನು ಅಳಿಸಿ, ಮೂಲದಿಂದ ಹೊಸದಾಗಿ ಇಳಿಸಿಕೊಳ್ಳಬೇಕು. ಎರಡನೆಯದಾಗಿ, ಕೆಲವು ತಯಾರಕರು ಕಡತದ ‘ಬೆರಳಚ್ಚ’ನ್ನು ತಮ್ಮ ತಾಣದಲ್ಲಿ ಪ್ರಕಟಿಸುತ್ತಾರೆ. ಶಾ-256 ಎಂಬ ವಿಧಾನದ ಈ ಗುರುತಿನಲ್ಲಿ ಅಂಕೆ ಮತ್ತು ಅಕ್ಷರಗಳು ಸೇರಿ 64 ಇರುತ್ತವೆ. ತನ್ನಲ್ಲಿರುವ ಕಡತದ ಬೆರಳಚ್ಚನ್ನು ಗಣಕದಿಂದಲೇ ಲೆಕ್ಕ ಹಾಕಿಸಿ ಎರಡನ್ನೂ ಹೋಲಿಸಬಹುದು. ಮೂರನೆಯದಾಗಿ, ಬಲ್ಲವರನ್ನು ಕೇಳಬೇಕು. ಶಾಲೆಯ ಗಣಕವಾದರೆ ಉಪಾಧ್ಯಾಯರ ಅಪ್ಪಣೆಯಿಲ್ಲದೆ ಮುಂದುವರಿಯಲೇಬಾರದು. ಎಚ್ಚರಿಕೆಯ ಮಾತನ್ನು ಪೂರ್ತಿಯಾಗಿ ಓದುವುದೂ ಅಗತ್ಯ. ‘ತಯಾರಕರು ತಿಳಿಯದು’ ಎಂದಿದ್ದರೆ ವಿಚಾರಣೆಗೆ ಅವಕಾಶವಿದೆ; ‘ಇದು ಗಣಕಕ್ಕೆ ಹಾನಿ ಮಾಡುತ್ತದೆ’ ಎಂದಿದ್ದರೆ ಅಳಿಸಿಹಾಕುವುದೇ ಕ್ಷೇಮ.

ಇಷ್ಟೆಲ್ಲ ವಿಚಾರಿಸಿ ನಂಬಿಕೆ ಬಂದ ಮೇಲೆ ಬಾಗಿಲು ತೆರೆಯುವುದು ಹೇಗೆ? ಹಳೆಯ ವಾಡೆಗಳ ಹೆಬ್ಬಾಗಿಲಿನಲ್ಲಿ ಒಂದು ದಿಡ್ಡಿಯಿರುತ್ತದೆ. ಒಬ್ಬನು ಬಂದರೆ ಹೆಬ್ಬಾಗಿಲನ್ನು ತೆರೆಯುವುದಿಲ್ಲ. ದಿಡ್ಡಿಯನ್ನು ತೆರೆದು ಅವನೊಬ್ಬನನ್ನೇ ಒಳಕ್ಕೆ ಬಿಟ್ಟು ಮತ್ತೆ ಅಗಳಿ ಹಾಕುತ್ತಾರೆ. ಗಣಕದಲ್ಲಿಯೂ ಅಂಥ ದಿಡ್ಡಿಯುಂಟು. ವಿಂಡೋಸ್‌ನ ಎಚ್ಚರಿಕೆಯಲ್ಲಿ ‘ಮೋರ್ ಇನ್ಫೋ’ ಎಂಬುದನ್ನು ಒತ್ತಿದರೆ ಕಡತದ ವಿವರ ಕಾಣುತ್ತದೆ. ಅನಂತರ ‘ರನ್ ಎನಿವೇ’ ಎಂಬ ಗುಂಡಿ ತೋರುತ್ತದೆ. ಮ್ಯಾಕ್‌ನಲ್ಲಿ ಒಮ್ಮೆ ತೆರೆಯಲು ಪ್ರಯತ್ನಿಸಿ, ‘ಸಿಸ್ಟಮ್ ಸೆಟ್ಟಿಂಗ್ಸ್’ನ ‘ಪ್ರೈವೆಸಿ ಅಂಡ್ ಸೆಕ್ಯೂರಿಟಿ’ ವಿಭಾಗಕ್ಕೆ ಹೋದರೆ ‘ಓಪನ್ ಎನಿವೇ’ ಎಂಬ ಗುಂಡಿಯು ಸುಮಾರು ಒಂದು ಗಂಟೆಯವರೆಗೆ ದೊರೆಯುತ್ತದೆ. ಅದನ್ನು ಒತ್ತಿ, ಯಜಮಾನನ ಗುಪ್ತಪದವನ್ನು ಕೊಟ್ಟರೆ ಆ ಒಂದು ತಂತ್ರಾಂಶಕ್ಕೆ ಮಾತ್ರ ಅನುಮತಿ ಸಿಗುತ್ತದೆ. ಉಳಿದವರಿಗೆ ಬಾಗಿಲು ಮುಚ್ಚಿಯೇ ಇರುತ್ತದೆ. ನೆರೆಯ ಗೆಳೆಯನು ಹೇಳಿದ್ದಾದರೋ ಬಾಗಿಲನ್ನೇ ಕಿತ್ತು ಅಂಗಳಕ್ಕೆ ಎಸೆಯುವ ಉಪಾಯ.

ಕೈಯಲ್ಲಿ ಹಿಡಿಯುವ ಮೊಬೈಲಿಗೂ ಈ ಮಾತು ಸಲ್ಲುತ್ತದೆ. ಮದುವೆಯ ಕರೆಯೋಲೆಯೆಂದು ಹೇಳಿಕೊಂಡು ಬರುವ ‘ಎಪಿಕೆ’ ಕಡತಗಳನ್ನು ತೆರೆಯಬಾರದೆಂದು 2024ರಲ್ಲಿ ಭಾರತದ ಪೊಲೀಸರು ಜನರನ್ನು ಎಚ್ಚರಿಸಿದರು. ಕರೆಯೋಲೆಯನ್ನು ಓದುವುದಕ್ಕೆ ತಂತ್ರಾಂಶವನ್ನು ಸ್ಥಾಪಿಸುವ ಅಗತ್ಯವಾದರೂ ಏನು? ಈ ಒಂದು ಪ್ರಶ್ನೆಯನ್ನು ಕೇಳಿಕೊಂಡವನು ಉಳಿದನು. ಮೋಸದಿಂದ ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು. ಆದರೆ ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕುವುದಕ್ಕಿಂತ ಮೊದಲೇ ಎಚ್ಚರವಾಗಿರುವುದು ಲೇಸು.

ಕಣಗಲಾದ ಆ ಹುಡುಗನು ಅಂದು ಏನು ಮಾಡಬೇಕು? ಅವಸರವನ್ನು ಬಿಟ್ಟು ತಯಾರಕರ ತಾಣವನ್ನು ಹುಡುಕಬೇಕು. ಅಲ್ಲಿಂದ ಕಡತವನ್ನು ಮತ್ತೆ ತಂದು, ಬೆರಳಚ್ಚನ್ನು ಹೋಲಿಸಿ, ತಂದೆಯನ್ನು ಕೇಳಿ, ದಿಡ್ಡಿಯನ್ನು ಮಾತ್ರ ತೆರೆಯಬೇಕು. ಇದಕ್ಕೆಲ್ಲ ಅರ್ಧ ಗಂಟೆ ಹಿಡಿದೀತು. ಅಜ್ಜಿಯು ಅಷ್ಟು ಹೊತ್ತು ಕಾಯಬಲ್ಲಳು. ಅನಂತರ ಅವಳು ಹಾಡಿದಂತೆ ಪರದೆಯ ಮೇಲೆ ಕನ್ನಡದ ಅಕ್ಷರಗಳು ಒಂದೊಂದಾಗಿ ಮೂಡುವುವು. ತಂದೆಯ ಪಹಣಿಯೂ ಅಕ್ಕನ ಕಾಗದಪತ್ರಗಳೂ ತಮ್ಮ ತಮ್ಮ ಎಡೆಯಲ್ಲಿ ಭದ್ರವಾಗಿರುವುವು. ಅಪರಿಚಿತನನ್ನು ಕಂಡೊಡನೆ ಓಡಿಸುವುದು ಅಂಜಿಕೆ. ಕೇಳದೆ ಒಳಕ್ಕೆ ಬಿಡುವುದು ಅವಿವೇಕ. ಹೆಸರು, ಊರು ಕೇಳಿ, ನಿಜವನ್ನು ತಿಳಿದು ಬರಮಾಡಿಕೊಳ್ಳುವುದೇ ಮನೆಯವರ ಧರ್ಮ.

ಅಭ್ಯಾಸ

ಪದಗಳ ಅರ್ಥ: ದಿಡ್ಡಿ – ಹೆಬ್ಬಾಗಿಲಿನಲ್ಲಿರುವ ಚಿಕ್ಕ ಬಾಗಿಲು, ಅಗಳಿ – ಬಾಗಿಲನ್ನು ಭದ್ರಪಡಿಸುವ ಅಡ್ಡಪಟ್ಟಿ, ಸೂರೆ – ಕೊಳ್ಳೆ, ಎಡೆ – ಸ್ಥಳ.

1. ಡಿಜಿಟಲ್ ಸಹಿಯನ್ನು ಅರಗಿನ ಮುದ್ರೆಗೆ ಹೋಲಿಸಿರುವುದೇಕೆ?
2. ಕನ್ನಡದ ತಂತ್ರಾಂಶಗಳು ಬಾಗಿಲಲ್ಲಿ ನಿಲ್ಲಬೇಕಾಗುವುದಕ್ಕೆ ಕಾರಣಗಳೇನು?
3. ‘ಕಾವಲುಗಾರನ “ಹೌದು” ಕೊನೆಯ ಮಾತಲ್ಲ’ – ಸಂದರ್ಭದೊಡನೆ ವಿವರಿಸಿರಿ.
4. ಇಳಿಸಿಕೊಂಡ ತಂತ್ರಾಂಶವನ್ನು ತೆರೆಯುವ ಮೊದಲು ಮಾಡಬೇಕಾದ ವಿಚಾರಣೆಯ ಕ್ರಮವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.