ಸಪ್ಪೆ ಬಾಡಿನ ಡಬ್ಬಿ

ನೋಡು ಮಗಳೇ, ನಿನ್ನ ನಾಯಿ ಕೆಂಚನಿಗೆ ಮನೆಯಲ್ಲೇ ಬಾಡಿನ ತಿಂಡಿ ಮಾಡಿಕೊಡಬೇಕು ಅಂತ ಹೊರಟಿದ್ದೀಯಲ್ಲ, ಒಳ್ಳೆಯದೇ. ಅಂಗಡಿ ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಕಣ್ಣೆದುರು ಕಡಿಸಿ ತಂದ ಅರ್ಧ ಕೆಜಿ ಚಿಕನ್ ಮೇಲು. ಆದರೆ ಒಲೆ ಹಚ್ಚುವ ಮೊದಲು ನನ್ನದೊಂದು ಮಾತು ಕೇಳು. ನಮ್ಮ ಮನೆಯವರಿಗೆ ಬಾಡು ಕಂಡರೆ ಕೈ ತಾನಾಗಿಯೇ ಮಸಾಲೆ ಡಬ್ಬಿಗೆ ಹೋಗುತ್ತದೆ. ಕೆಂಚನ ತಿಂಡಿ ಮಾಡುವ ಹೊತ್ತಿನಲ್ಲಿ ನಿನ್ನ ನಾಲಿಗೆಯನ್ನು ಅಡುಗೆಮನೆಯಿಂದ ಆಚೆ ಕಳಿಸಿಬಿಡು.

ನಮ್ಮ ಬಾಯಲ್ಲಿ ರುಚಿಮೊಗ್ಗುಗಳು ಸುಮಾರು 9,000 ಇದ್ದರೆ ನಾಯಿಯ ಬಾಯಲ್ಲಿ 1,700ರಷ್ಟೇ. ಅದು ತಿನ್ನುವುದು ಮೂಗಿನಿಂದ. ಬೆಂದ ಕೋಳಿಯ ವಾಸನೆಯೇ ಅದಕ್ಕೆ ಹಬ್ಬ. ಉಪ್ಪು, ಖಾರ, ಗರಂ ಮಸಾಲೆ ಯಾವುದೂ ಬೇಡ. ಈರುಳ್ಳಿ ಬೆಳ್ಳುಳ್ಳಿಯಂತೂ ಹತ್ತಿರ ಸುಳಿಯಕೂಡದು. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೆ ವಿಷ ಹೋಗುತ್ತದೆ ಅನ್ನುವುದು ಸುಳ್ಳು. ಮೈತೂಕದ ಪ್ರತಿ ಕೆಜಿಗೆ 15ರಿಂದ 30 ಗ್ರಾಂ ಈರುಳ್ಳಿ ಸಾಕು, ರಕ್ತದಲ್ಲಿ ವ್ಯತ್ಯಾಸ ಕಾಣಿಸುವುದಕ್ಕೆ. ಬೆಳ್ಳುಳ್ಳಿ ಅದಕ್ಕಿಂತಲೂ ತೀಕ್ಷ್ಣ. ಇನ್ನೊಂದು ಪೇಚೆಂದರೆ ಲಕ್ಷಣ ಅವತ್ತೇ ತೋರುವುದಿಲ್ಲ. ನಾಲ್ಕಾರು ದಿನ ಕಳೆದ ಮೇಲೆ ನಾಯಿ ಮಂಕಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕೆಂಪಗಾಗುತ್ತದೆ. ಅಷ್ಟರಲ್ಲಿ ಏನು ತಿನ್ನಿಸಿದ್ದೆವು ಅನ್ನುವುದೇ ಮರೆತುಹೋಗಿರುತ್ತದೆ. ಅದಕ್ಕೇ ನಮ್ಮ ಸಾರಿನ ಪಾತ್ರೆಯಿಂದ ಒಂದು ತುಂಡು ಎತ್ತಿ ತೊಳೆದು ಹಾಕುವ ಜಾಣತನವೂ ಬೇಡ. ಮಸಾಲೆ ಒಳಗಿಳಿದ ಬಾಡನ್ನು ಎಷ್ಟು ತೊಳೆದರೂ ಅಷ್ಟೇ.

ಮೊದಲ ಸಲಕ್ಕೆ ಕೋಳಿಯ ಎದೆ ಮಾಂಸವೇ ಸರಿ. ಬೋನ್‌ಲೆಸ್ ಕೇಳು, ಚರ್ಮ ಬೇಡ ಅನ್ನು, ಅಂಚಿನಲ್ಲಿ ಹಳದಿ ಕೊಬ್ಬು ಕಂಡರೆ ಕಿತ್ತುಬಿಡು. ಕೊಬ್ಬು ಒಣಗುವುದಿಲ್ಲ, ಕಮಟು ಹಿಡಿಯುತ್ತದೆ. ಜತೆಗೆ ಕೊಬ್ಬು ಹೆಚ್ಚಾದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ, ಹೊಟ್ಟೆನೋವು ಶುರುವಾಗಿ ಆಸ್ಪತ್ರೆ ಸೇರಬೇಕಾಗುತ್ತದೆ. ತಂದ ಮಾಂಸವನ್ನು ಸುಮಾರು ಒಂದು ಗಂಟೆ ಫ್ರೀಜರಿನಲ್ಲಿಡು. ಅರೆಗಟ್ಟಿಯಾದಾಗ ಚಾಕು ಜಾರದೆ ಓಡುತ್ತದೆ. ಕಾಲಿಂಚು ದಪ್ಪದ ಪಟ್ಟಿಗಳಾಗಿ ಸೀಳು. ಎಳೆಯ ಉದ್ದಕ್ಕೆ ಕೊಯ್ದರೆ ಅಗಿಯಲು ಜಿಗುಟಾಗಿ ಬರುತ್ತದೆ, ಅಡ್ಡಕ್ಕೆ ಕೊಯ್ದರೆ ಸುಲಭವಾಗಿ ಪುಡಿಯಾಗುತ್ತದೆ. ಕೆಂಚನ ಹಾಗೆ ಗಬಕ್ಕನೆ ನುಂಗುವವರಿಗೆ ಅಡ್ಡಕ್ಕೇ ಇರಲಿ.

ಇಲ್ಲಿಂದ ಮುಂದಿನದೇ ಬಹಳ ಜನ ತಪ್ಪುವ ಜಾಗ. ಹಸಿ ಪಟ್ಟಿಗಳನ್ನು ನೇರವಾಗಿ ಒಣಗಿಸಲು ಇಡಬೇಡ. ಸಣ್ಣ ಶಾಖದಲ್ಲಿ ನೀರು ಆವಿಯಾಗುತ್ತಿರುವಷ್ಟು ಹೊತ್ತೂ ಮಾಂಸದ ಮೈ ತಣ್ಣಗೇ ಇರುತ್ತದೆ. ಓವನ್ ಒಳಗೆ ಬಿಸಿ ಇದ್ದರೂ ತುಂಡಿಗೆ ತಾಕಿರುವುದಿಲ್ಲ. ಆ ಹೊತ್ತಿನಲ್ಲಿ ಸಾಲ್ಮೊನೆಲ್ಲಾದಂಥ ಕ್ರಿಮಿಗಳು ಸಾಯದೆ ಉಳಿಯುತ್ತವೆ. ಮಾಂಸ ಪೂರ್ತಿ ಒಣಗಿದ ಮೇಲೆ ಅವುಗಳಿಗೆ ಶಾಖ ತಡೆಯುವ ಕಸುವು ಬೇರೆ ಬಂದಿರುತ್ತದೆ. ಅಮೆರಿಕದ ಕೃಷಿ ಇಲಾಖೆ ಮನುಷ್ಯರು ತಿನ್ನುವ ಒಣ ಮಾಂಸಕ್ಕೂ ಇದೇ ಕ್ರಮ ಹೇಳುತ್ತದೆ: ಮೊದಲು ಕೋಳಿಯಾದರೆ 74 ಡಿಗ್ರಿ, ಬೇರೆ ಮಾಂಸವಾದರೆ 71 ಡಿಗ್ರಿ ಸೆಲ್ಸಿಯಸ್ ಒಳಗಿನವರೆಗೂ ಬಿಸಿಯಾಗಬೇಕು, ಒಣಗಿಸುವುದು ಆಮೇಲೆ. ಥರ್ಮಾಮೀಟರ್ ಇಲ್ಲ ಅಂತ ಚಿಂತೆ ಬೇಡ. ಹಳೆಯದೊಂದು ಇಡ್ಲಿ ಪಾತ್ರೆ ಇದಕ್ಕೇ ಅಂತ ಎತ್ತಿಡು, ಪಟ್ಟಿಗಳನ್ನು ಹರಡಿ ಹಬೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸು. ಸೀಳಿ ನೋಡಿದರೆ ಒಳಗೆ ಎಲ್ಲೂ ಗುಲಾಬಿ ಬಣ್ಣ ಕಾಣಬಾರದು. ತಳದಲ್ಲಿ ಸೋರಿದ ರಸ ಚೆಲ್ಲಬೇಡ. ಅವತ್ತಿನ ಅನ್ನಕ್ಕೆ ಕಲಸಿದರೆ ಕೆಂಚ ತಟ್ಟೆಯನ್ನೂ ನೆಕ್ಕಿ ತೊಳೆದಿಡುತ್ತಾನೆ.

ಆಮೇಲೆ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸಿ ಓವನ್ನಿನ ಅತಿ ಕಡಿಮೆ ಶಾಖಕ್ಕೆ ಇಡು. ಸಣ್ಣ ಓವನ್ನುಗಳಲ್ಲಿ ಅದು ಸಾಮಾನ್ಯವಾಗಿ 100 ಡಿಗ್ರಿ. ಬಾಗಿಲು ಬೆರಳಷ್ಟು ತೆರೆದಿರಲಿ, ಹಬೆ ಆಚೆ ಹೋಗಬೇಕಲ್ಲ. ನಡುವೆ ಒಮ್ಮೆ ತಿರುವಿ ಹಾಕು. ಎರಡು ಮೂರು ಗಂಟೆ ಹಿಡಿಯಬಹುದು. ಗಡಿಯಾರ ನಂಬಬೇಡ, ತುಂಡನ್ನು ನಂಬು. ತಣಿದ ಮೇಲೆ ಬಗ್ಗಿಸಿದರೆ ಹಪ್ಪಳದ ಹಾಗೆ ಪಟ್ಟನೆ ಮುರಿಯಬೇಕು, ಮುರಿದ ಅಂಚನ್ನು ಒತ್ತಿದರೆ ಮೆತ್ತಗಿರಬಾರದು. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಮುಚ್ಚಳದೊಳಗೆ ಬೆವರು ಕೂರುತ್ತದೆ, ಎರಡೇ ದಿನಕ್ಕೆ ಬೂಸ್ಟು. ಬೆವರು ಕಂಡರೆ ಎಲ್ಲವನ್ನೂ ಮತ್ತೆ ಓವನ್ನಿಗೆ ಹಾಕು. ಎರಡು ವಾರಕ್ಕಾಗುವಷ್ಟು ಫ್ರಿಜ್ಜಿನಲ್ಲಿಟ್ಟು ಉಳಿದದ್ದನ್ನು ಫ್ರೀಜರಿಗೆ ಹಾಕಿಬಿಡು, ಎರಡು ತಿಂಗಳು ಕೆಡುವುದಿಲ್ಲ. ನಾವೇನು ರಾಸಾಯನಿಕ ಹಾಕಿರುವುದಿಲ್ಲ, ಅಡುಗೆಕಟ್ಟೆಯ ಮೇಲೆ ವಾರಗಟ್ಟಲೆ ಇಡುವ ಪದಾರ್ಥ ಇದಲ್ಲ. ಮಳೆಗಾಲದಲ್ಲಂತೂ ಇನ್ನೂ ಹುಷಾರು.

ಬಿಸಿಲಿಗೆ ಹಾಕಿದರೆ ಆಗದೇ, ಅಜ್ಜಿಯ ಕಾಲದಲ್ಲಿ ಒಣಬಾಡು ಮಾಡುತ್ತಿರಲಿಲ್ಲವೇ ಅಂತ ನೀನು ಕೇಳುತ್ತೀಯ. ಮಾಡುತ್ತಿದ್ದರು. ಉಪ್ಪು, ಅರಿಸಿನ ಗಟ್ಟಿಯಾಗಿ ಸವರಿ ಸುಡುಬಿಸಿಲಿಗೆ ಹಾಕುತ್ತಿದ್ದರು, ಒಲೆಯ ಹೊಗೆಗೆ ತೂಗುಬಿಡುತ್ತಿದ್ದರು. ಆ ಉಪ್ಪೇ ಬಾಡನ್ನು ಕಾಯುತ್ತಿತ್ತು. ನಾಯಿಗೆ ಅಷ್ಟು ಉಪ್ಪು ಕೊಡುವಂತಿಲ್ಲ, ಉಪ್ಪಿಲ್ಲದ ಹಸಿ ಮಾಂಸ ನಿನ್ನ ಟೆರೇಸಿನಲ್ಲಿ ಒಣಗುವ ಮೊದಲೇ ನೊಣದ ಪಾಲು. ಸಂತೆಯ ಒಣಮೀನನ್ನೂ ಇದೇ ಉಪ್ಪಿನ ಕಾರಣಕ್ಕೆ ಬೇಡ ಅನ್ನುವುದು. ಓವನ್ ಇಲ್ಲದವರಿಗೆ ನಾನು ಹೇಳುವುದು ಇಷ್ಟೇ: ಒಣಗಿಸುವ ಗೋಜಿಗೇ ಹೋಗಬೇಡಿ. ಬೇಯಿಸಿ, ಸಣ್ಣಗೆ ಬಿಡಿಸಿ, ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಡಿ, ದಿನಕ್ಕೊಂದು ಗುಳಿ ತೆಗೆಯಿರಿ. ನಾಯಿಗೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ.

ಕುರಿ ಲಿವರ್ ವಿಷಯ ಬೇರೆ. ಆ ವಾಸನೆಗೆ ನಾಯಿ ಯಾವ ಪಾಠ ಬೇಕಾದರೂ ಕಲಿಯುತ್ತದೆ, ಹಾಗೆಯೇ ಇಡೀ ಅಪಾರ್ಟ್‌ಮೆಂಟು ನಿನ್ನ ಬಾಗಿಲ ಕಡೆ ತಿರುಗುತ್ತದೆ. ಪಕ್ಕದವರು ಬಾಡು ತಿನ್ನದವರಾದರೆ ಕಿಟಕಿ ತೆರೆದು, ಅವರು ಮನೆಯಲ್ಲಿಲ್ಲದ ಹೊತ್ತು ನೋಡಿ ಬೇಯಿಸು. ಲಿವರಿನಲ್ಲಿ ವಿಟಮಿನ್ ಎ ವಿಪರೀತ. ಅದು ಮೈಯಲ್ಲೇ ಸಂಗ್ರಹವಾಗುತ್ತದೆ, ದಿನಾ ಮಿತಿಯಿಲ್ಲದೆ ತಿನ್ನಿಸುತ್ತ ಹೋದರೆ ಎಲುಬು ಕೀಲುಗಳಿಗೆ ತೊಂದರೆ. ವಾರಕ್ಕೆ ಎರಡು ದಿನ, ಉಗುರಿನಷ್ಟು ಚೂರು, ಅಷ್ಟೇ.

ಮೂಳೆ ಮಾತ್ರ ಕೇಳಬೇಡ. ಬೆಂದ ಮೂಳೆ ಗಡುಸಾಗಿ ಮೊನೆಮೊನೆಯಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಕೋಳಿ ಕಾಲು, ಕತ್ತು ಒಣಗಿಸಿ ಮಾರುವವರಿದ್ದಾರೆ, ಇರಲಿ. ನಮ್ಮ ಡಬ್ಬಿಗೆ ಬೇಡ.

ಖೀಮಾ ಸಿಕ್ಕಿದರೆ ರಾಗಿ ಬಿಸ್ಕತ್ತು ಮಾಡು. ಕೊಬ್ಬಿಲ್ಲದ ಕಾಲು ಕೆಜಿ ಖೀಮಾ, ಒಂದು ಲೋಟ ರಾಗಿ ಹಿಟ್ಟು, ಒಂದು ಮೊಟ್ಟೆ, ಬೇಯಿಸಿ ಹಿಸುಕಿದ ಒಂದು ಹೋಳು ಸಿಹಿಗುಂಬಳ. ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ ತೆಳ್ಳಗೆ ತಟ್ಟಿ, ಚಾಕುವಿನಲ್ಲಿ ಚೌಕ ಕೊಯ್ದು, ದಪ್ಪ ತಳದ ಹೆಂಚಿನ ಮೇಲೆ ಮುಚ್ಚಳ ಹಾಕಿ ಎರಡೂ ಕಡೆ ನಿಧಾನವಾಗಿ ಬೇಯಿಸು. ಓವನ್ ಆದರೆ 170 ಡಿಗ್ರಿಯಲ್ಲಿ ಅರ್ಧ ಗಂಟೆ. ಇವು ಮೆತ್ತಗಿರುವುದರಿಂದ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇಡಬೇಡ. ಹಬ್ಬದ ಕಳೆ ಬರಲಿ ಅಂತ ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಅಂಟಿಸಬೇಡ. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಸಕ್ಕರೆ ಬದಲು ಕ್ಸೈಲಿಟಾಲ್ ಬೆರೆಸಿದ ಕಡಲೆಕಾಯಿ ಬೆಣ್ಣೆಯೂ ಇದೆ, ಅದು ಮತ್ತೂ ಅಪಾಯ.

ಇನ್ನು ಎಷ್ಟು ಕೊಡಬೇಕು. ಪಶುವೈದ್ಯರು ಹೇಳುವ ಲೆಕ್ಕ, ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ಮೀರಬಾರದು ಅಂತ. ಕೆಂಚ 15 ಕೆಜಿ ಇದ್ದಾನೆ ಅಂದುಕೋ. ಅವನಿಗೆ ದಿನಕ್ಕೆ ಬೇಕಾದದ್ದು 800 ಕ್ಯಾಲೊರಿಯ ಆಸುಪಾಸು, ತಿಂಡಿಯ ಪಾಲು 80. ಒಂದು ಕೆಜಿ ಹಸಿ ಕೋಳಿ ಒಣಗಿದರೆ ಉಳಿಯುವುದು ಕಾಲು ಕೆಜಿ ಚಿಲ್ಲರೆ, ಹಾಗಾಗಿ ಒಣ ಪಟ್ಟಿ 20 ಗ್ರಾಂ ಕೊಟ್ಟರೆ ಅವತ್ತಿನ ಲೆಕ್ಕ ಚುಕ್ತಾ. ಅಂಗೈಯಲ್ಲಿ ಹಿಡಿದರೆ ಏನೇನೂ ಅನ್ನಿಸುವುದಿಲ್ಲ. ನಮ್ಮ ಕೈ ಸೋಲುವುದೇ ಇಲ್ಲಿ. ಆದರೆ ನಾಯಿ ತುಂಡಿನ ಗಾತ್ರ ನೋಡುವುದಕ್ಕಿಂತ ಎಷ್ಟು ಸಲ ಸಿಕ್ಕಿತು ಅನ್ನುವುದನ್ನು ನೋಡುತ್ತದೆ. ಅದೇ ಪಟ್ಟಿಯನ್ನು ಕಡಲೆಕಾಳಿನಷ್ಟು ಚೂರು ಮಾಡು, ‘ಕೂತ್ಕೋ’ ಅಂದಾಗೊಂದು, ಕರೆದ ಕೂಡಲೇ ಬಂದಾಗೊಂದು ಕೊಡು. ಸಂಜೆಯವರೆಗೂ ಖುಷಿಯಾಗಿ ದುಡಿಯುತ್ತಾನೆ. ಸಾಕಾಗಲಿಲ್ಲವೇನೋ ಅಂತ ಅನುಮಾನ ಬಂದರೆ ಕಣ್ಣು ನೋಡಬೇಡ, ಪಕ್ಕೆ ಸವರು. ಬೆರಳಿಗೆ ಎಲುಬು ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು.

ಹೊಸದನ್ನು ಏನೇ ಮಾಡಿದರೂ ಮೊದಲ ದಿನ ಒಂದೇ ಚೂರು ಕೊಟ್ಟು ಮಾರನೆಯ ದಿನದ ಮಲ ನೋಡು. ಕೋಳಿ ಒಗ್ಗದ ನಾಯಿಗಳೂ ಇವೆ. ಪಂಜ ನೆಕ್ಕುತ್ತ, ಕಿವಿ ಕೆರೆಯುತ್ತ ಇದ್ದರೆ ನಿಲ್ಲಿಸಿ ಡಾಕ್ಟರಿಗೆ ಹೇಳು.

ಹೊಸತೊಡಕಿಗೆ ಊರಿಗೆ ಬರುವಾಗ ಡಬ್ಬಿ ಮರೆಯಬೇಡ. ನಿಮ್ಮ ದೊಡ್ಡಪ್ಪನಿಗೆ ಊಟದ ನಡುವೆ ನಾಯಿಗೆ ಒಂದು ಮೂಳೆ ಎಸೆಯದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಬೇಡ ಅಂದರೆ ಸಿಟ್ಟು ಬೇರೆ. ಎಲೆ ಹಾಕುವ ಮೊದಲೇ ಕೆಂಚನ ಪಾಲಿನ ಚೂರುಗಳನ್ನು ಒಂದು ಬಟ್ಟಲಿಗೆ ಹಾಕಿ ಅವರ ಬಲಗಡೆಗೆ ಇಟ್ಟುಬಿಡು.