ಮಗುವಿನೊಂದಿಗೆ ಹೋಟೆಲಿಗೆ ಹೋಗುವಾಗ

ತಮ್ಮಾ, ತಂಗೀ, ಮಗುವನ್ನು ಹೋಟೆಲಿಗೆ ಕರೆದೊಯ್ಯಬೇಡಿ ಎಂದು ನಾನು ಹೇಳುವುದಿಲ್ಲ. ನಾಲ್ಕು ಜನರ ನಡುವೆ ಕೂತು ಉಣ್ಣುವುದನ್ನೂ ಅದು ಕಲಿಯಬೇಕು. ಕಲಿಸಬೇಕಾದವರು ನೀವೇ.

ವಿಜಯದಶಮಿಯಂದು ಬೈಂದೂರಿನ ಹೋಟೆಲುಗಳನ್ನು ನೋಡಿ. ಬೆಳಿಗ್ಗೆ ಕೊಲ್ಲೂರಿನಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಸಿದವರು ಮಧ್ಯಾಹ್ನಕ್ಕೆ ಹೆದ್ದಾರಿಗೆ ಇಳಿದಿರುತ್ತಾರೆ. ನಿದ್ದೆ, ಹಸಿವು, ಸೆಕೆ ಸೇರಿ ಮಗು ರಚ್ಚೆ ಹಿಡಿಯುತ್ತದೆ. ತಪ್ಪು ಅದರದ್ದಲ್ಲ, ಹಸಿದ ಕೂಸನ್ನು ಕಾಯಿಸಿದವರದ್ದು. ಒಳಗೆ ಹೋಗುವ ಮೊದಲೇ ಒಂದು ಬಾಳೆಹಣ್ಣು ಕೊಡಿ. ಕೂತ ಕೂಡಲೇ ಅದಕ್ಕೆ ಬೇಕಾದ ಇಡ್ಲಿಯನ್ನೋ ನೀರುದೋಸೆಯನ್ನೋ ಹೇಳಿ, ನಿಮ್ಮದು ಆಮೇಲೆ ಬರಲಿ. ಅಳು ನಿಲ್ಲದಿದ್ದರೆ ಒಬ್ಬರು ಎತ್ತಿಕೊಂಡು ಹೊರಗೆ ಹೋಗಿ. ಪ್ರತಿಸಲವೂ ತಾಯಿಯೇ ಏಳಬೇಕೇ? ಅವಳ ದೋಸೆಯೂ ಆರುತ್ತದೆ.

ಮೇಜುಗಳ ನಡುವೆ ಓಡಾಡಲು ಮಾತ್ರ ಬಿಡಬೇಡಿ. ಬಿಸಿ ಸಾಂಬಾರಿನ ಬಕೆಟ್ಟು ಹಿಡಿದು ಬರುವ ಮಾಣಿಗೆ ಮೊಣಕಾಲೆತ್ತರದ ಮಗು ಕಾಣುವುದಿಲ್ಲ.

ನನಗೆ ಹೆಚ್ಚು ನೋವಾಗುವುದು ಇನ್ನೊಂದಕ್ಕೆ. ಚೆಲ್ಲಿದ ಅನ್ನ ಮೇಜಿನಡಿ ಕಾಲಿಗೆ ಸಿಕ್ಕಿ ಹಿಸುಕಿಹೋಗಿರುತ್ತದೆ. ಅಪ್ಪ ಮೊಬೈಲಿನಿಂದ ತಲೆಯೆತ್ತದೆ, ತನ್ನ ತಂದೆಯ ಪ್ರಾಯದ ಕ್ಲೀನರಿಗೆ "ಏಯ್, ಒರ್ಸ್ ಇಲ್ಲಿ" ಎನ್ನುತ್ತಾನೆ. ಪಕ್ಕದಲ್ಲೇ ಮಗು ಕೇಳಿಸಿಕೊಳ್ಳುತ್ತಿರುತ್ತದೆ.

ಯಾರು ಹೀಗೆ ಮಾಡಿದರೂ ನಾವು ಮಾಡಬಾರದು. ಬೊಂಬಾಯಿ, ಬೆಂಗಳೂರಿನ ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರ ಸಂಬಳದಿಂದ ನಮ್ಮ ಕಡೆಯ ಎಷ್ಟು ಮನೆಗಳ ಒಲೆ ಉರಿದಿಲ್ಲ! ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲೇ ಇಂದಿನ ಎಂಟಿಆರ್. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಹೋಟೆಲುಗಳನ್ನು ಕಂಡು ಬಂದು, ಲೋಟ ಚಮಚಗಳನ್ನು ಹಬೆಯಲ್ಲಿ ಶುದ್ಧಮಾಡುವ ಕ್ರಮ ತಂದರು. ಗಿರಾಕಿಗಳಿಗಾಗಿ ಒಳ್ಳೆಯ ಊಟದ ಅಭ್ಯಾಸಗಳ ಪುಸ್ತಿಕೆಗಳನ್ನೂ ಅಚ್ಚುಹಾಕಿಸಿದರು. ಹೋಟೆಲಿನವರು ಅಷ್ಟು ಮಾಡಿದ ಮೇಲೆ ಉಳಿದದ್ದು ಉಣ್ಣುವವರ ಪಾಲಿನದು.

ಹಾಗಾಗಿ ಏಳುವ ಮೊದಲು ಬಿದ್ದದ್ದನ್ನು ಕಾಗದದಲ್ಲಿ ಬಾಚಿ ತಟ್ಟೆಗೆ ಹಾಕಿ. ಮಗುವಿನ ಕೈಯಿಂದಲೂ ನಾಲ್ಕು ಅಗುಳು ಹೆಕ್ಕಿಸಿ. ಹೆಚ್ಚು ಚೆಲ್ಲಿದ್ದರೆ "ಅಣ್ಣ, ಅನ್ನ ಚೆಲ್ಲಿ ಹೋಯ್ತ್, ಒಂದ್ ಬಟ್ಟೆ ಕೊಡಿ ಕಾಂಬ" ಎಂದು ಕೇಳಿ. ಟಿಪ್ಸ್ ಇಟ್ಟೆವಲ್ಲ ಎಂದು ಎದ್ದು ಹೋಗಬೇಡಿ. ಮತ್ತೆ, ನೀರಿನ ಲೋಟದಲ್ಲಿ ಮಗುವಿನ ಕೈ ಅದ್ದಿ ತೊಳೆಸುವುದು ಬೇಡ. ನಿಮ್ಮ ನಂತರ ಬಂದವರು ಅದರಲ್ಲೇ ಕುಡಿಯಬೇಕು. ಎತ್ತಿಕೊಂಡು ಹೋಗಿ, ನಲ್ಲಿಯಲ್ಲೇ ತೊಳೆಸಿ.