ಕಾಲುದಾರಿ ಕಂಡರೆ ಕಾಡಿಗೆ ಇಳಿಯಬಹುದೇ?

ಪ್ರಶ್ನೆ: ಮಗಳು ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಹಳ್ಳಿಯಲ್ಲಿದ್ದಾಳೆ. ಅಲ್ಲಿ ಊರಿಗೇ ಸೇರಿದ ಕಾಡಿದೆಯಂತೆ, ಮರಕ್ಕೆ ಬಳಿದ ಬಣ್ಣದ ಗುರುತು ನೋಡಿಕೊಂಡು ಯಾರು ಬೇಕಾದರೂ ಅಡ್ಡಾಡಬಹುದಂತೆ. ನಮ್ಮ ಮೇಲುಕೋಟೆ, ಕರಿಘಟ್ಟದ ಕಡೆಯೂ ಬೇಕಾದಷ್ಟು ಕಾಲುದಾರಿಗಳಿವೆ. ಅವುಗಳಲ್ಲಿ ನಡೆಯಲು ಅನುಮತಿ ಬೇಕೇ?
— ಓದುಗರೊಬ್ಬರು, ಪಾಂಡವಪುರ

ಉತ್ತರ: ದೇವಸ್ಥಾನಕ್ಕೆ ಹತ್ತುವ ಮೆಟ್ಟಿಲಿಗೆ ಬೇಡ, ವನ್ಯಜೀವಿ ಧಾಮದ ಒಳದಾರಿಗೆ ಬೇಕು. ದಾರಿ ಸವೆದಿದೆ ಎಂದ ಮಾತ್ರಕ್ಕೆ ಎಲ್ಲರಿಗೂ ತೆರೆದಿದೆ ಎಂದಲ್ಲ.

ಮ್ಯಾಸಚೂಸೆಟ್ಸ್‌ನ ಊರುಗಳು 1957ರ ಕಾನೂನಿನಂತೆ ಸಂರಕ್ಷಣಾ ಸಮಿತಿ ಕಟ್ಟಿಕೊಂಡು ಭೂಮಿ ಪಡೆಯಬಹುದು. ಜಾಗ ಊರಿನದಾದ ಮೇಲೆ, ನಡೆಯುವವರಿಗೆಂದೇ ಅಲ್ಲಿ ದಾರಿ ಮಾಡುತ್ತಾರೆ. ನಮ್ಮಲ್ಲಿ ದಾರಿ ಮೊದಲು, ಧಾಮ ಆಮೇಲೆ. ಭಕ್ತರು, ಕುರಿ ಕಾಯುವವರು, ಸೌದೆಗೆ ಹೋಗುವವರು ತುಳಿದ ನೆಲವನ್ನೇ 1974ರಲ್ಲಿ ಸರ್ಕಾರ ಮೇಲುಕೋಟೆ ದೇವಾಲಯ ವನ್ಯಜೀವಿ ಧಾಮವೆಂದು ಘೋಷಿಸಿತು. ಮುಖ್ಯವಾಗಿ ತೋಳಗಳನ್ನು ಉಳಿಸುವುದಕ್ಕೆ. ಅದರ 49.82 ಚದರ ಕಿ.ಮೀ. ಒಂದೇ ಕಡೆ ಇಲ್ಲ. ಮುಕುಂದನಗರ, ನಾರಾಯಣದುರ್ಗ ಎಂದು ಎರಡು ತುಂಡಾಗಿದೆ. ನಾರಾಯಣದುರ್ಗ ಕೆ.ಆರ್. ಪೇಟೆ ತಾಲ್ಲೂಕಿಗೆ ಬರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಧಾಮದೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಜಮೀನಿನ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಇದಕ್ಕೆ ಹೊರತು. 28ನೇ ಕಲಮು ಪ್ರವಾಸ, ಛಾಯಾಗ್ರಹಣ, ಅಧ್ಯಯನಕ್ಕೆ ಪರವಾನಗಿ ಕೊಡಲು ಅವಕಾಶ ಮಾಡಿದೆ. ಅಂದರೆ ಬಾಗಿಲು ಮುಚ್ಚಿಲ್ಲ, ಕೇಳಿಕೊಂಡು ಹೋಗಬೇಕು ಅಷ್ಟೆ.

ಯಾವ ದಾರಿ ಯಾರದು ಎಂಬುದನ್ನು ಬಹುಪಾಲು ನೆಲವೇ ಹೇಳುತ್ತದೆ. ಬಂಡೆಯಲ್ಲಿ ಕಡಿದ ಮೆಟ್ಟಿಲು, ಮಧ್ಯೆ ಒಂದು ಮಂಟಪ, ಪಕ್ಕದಲ್ಲಿ ಕೊಳ ಇದ್ದರೆ ಅದು ಭಕ್ತರ ದಾರಿ. ದಿಣ್ಣೆಯ ಮಗ್ಗುಲಿಗೆ ಅಂಟಿಕೊಂಡು, ತಂಗಡಿ, ಬಂದರಿಕೆ, ಕಾರೆ ಗಿಡಗಳ ನಡುವೆ ಕವಲೊಡೆಯುತ್ತ ಹೋಗುವ ಸಣ್ಣ ಗೆರೆಗಳು ಕುರಿ, ಮೇಕೆಗಳವು. ಇವನ್ನು ನಂಬಿ ಹೊರಟರೆ ಲಂಟಾನದ ಪೊದೆಗೆ ಸಿಕ್ಕಿಕೊಳ್ಳುವುದು ಖಂಡಿತ. ಇನ್ನು ಅಗಲವಾಗಿ, ಹುಲ್ಲು ಹೆರೆದು ನೆಟ್ಟಗೆ ಎಳೆದಂತಿರುವುದು ದಾರಿಯೇ ಅಲ್ಲ. ಅದು ಕಾಳ್ಗಿಚ್ಚು ಹರಡದಿರಲೆಂದು ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಮಾಡಿಸುವ ಬೆಂಕಿ ರೇಖೆ.

ದಾರಿಯನ್ನು ಮನುಷ್ಯರಷ್ಟೇ ಬಳಸುವುದೂ ಇಲ್ಲ. ಪೊದೆಯಲ್ಲಿ ನುಸುಳುವುದಕ್ಕಿಂತ ಸವೆದ ನೆಲದಲ್ಲಿ ನಡೆಯುವುದು ಚಿರತೆಗೂ ತೋಳಕ್ಕೂ ಸಲೀಸು. ದಾರಿಯ ನಡುವೆ ಕೂದಲು ಸೇರಿ ಬೆಳ್ಳಗೆ ಒಣಗಿದ ಹಿಕ್ಕೆ ಕಂಡರೆ ಅಲ್ಲಿ ಬೇಟೆಯ ಪ್ರಾಣಿಯ ಓಡಾಟವಿದೆ ಎಂದೇ ಲೆಕ್ಕ. ಕತ್ತಲಾದ ಮೇಲೆ ಬೆಟ್ಟದಲ್ಲಿ ಇರಬೇಡಿ ಎನ್ನುವುದು ಇದಕ್ಕೇ.

ನಿಮ್ಮ ಸುತ್ತಲಿನ ಉಳಿದ ಜಾಗಗಳಲ್ಲಿ ಒಂದೊಂದರದು ಒಂದೊಂದು ರೀತಿ. ಶ್ರೀರಂಗಪಟ್ಟಣದ ಕರಿಘಟ್ಟ ವನ್ಯಜೀವಿ ಧಾಮವಲ್ಲ. ಬೆಟ್ಟದ ಮೇಲಿನ ಶ್ರೀನಿವಾಸನ ಗುಡಿಗೆ ಮೆಟ್ಟಿಲೂ ಇದೆ, ರಸ್ತೆಯೂ ಇದೆ. ಲೋಕಪಾವನಿ ಕಾವೇರಿಯನ್ನು ಸೇರುವ ಬಯಲು ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಆದರೆ ಮೆಟ್ಟಿಲು ಬಿಟ್ಟು ಪಕ್ಕಕ್ಕೆ ಇಳಿದರೆ ಅರಣ್ಯ ಇಲಾಖೆಯ ಕಾಡು. ಅಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ನಡೆಯುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಹುಲ್ಲಿಗೆ ಮತ್ತೆ ಮತ್ತೆ ಬೆಂಕಿ ಬಿದ್ದಿದೆ. ಒಂದು ಬೀಡಿಯ ಕಿಡಿ ಸ್ವಯಂಸೇವಕರು ವರ್ಷಗಟ್ಟಲೆ ನೀರೆರೆದು ಬೆಳೆಸಿದ ಸಸಿಗಳನ್ನು ಸುಟ್ಟೀತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನವಿಲು ಧಾಮ 1981ರದು, ಒಂದು ಚದರ ಕಿ.ಮೀ. ಕೂಡ ಇಲ್ಲ, ಮಠಕ್ಕೆ ಹೋದವರಿಗೆ ಮೆಟ್ಟಿಲ ಮೇಲಿಂದಲೇ ನವಿಲಿನ ಕೂಗು ಕೇಳಿಸುತ್ತದೆ. 1940ರಿಂದ ಪಕ್ಷಿಧಾಮವಾಗಿರುವ, 2022ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸರ್ ಪಟ್ಟಿಗೆ ಸೇರಿದ ರಂಗನತಿಟ್ಟಿನಲ್ಲಿ ಟಿಕೆಟ್ ಪಡೆದು ದಡದಲ್ಲಿ ನಡೆಯಬಹುದು. ಹಕ್ಕಿಗಳು ಗೂಡು ಕಟ್ಟುವ ನಡುಗಡ್ಡೆಗಳಿಗೆ ಮಾತ್ರ ಕಾಲಿಡುವಂತಿಲ್ಲ. ದೋಣಿಯಿಂದ ನೋಡಿ ಬರಬೇಕು.

ಮೇಲುಕೋಟೆಯಲ್ಲೇ ನಡೆಯಬೇಕೆಂದಿದ್ದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಕಾವಲುಗಾರರನ್ನೋ ದಾರಿ ಬಲ್ಲವರನ್ನೋ ಜೊತೆಗೆ ಕೇಳಿ. ಕಚೇರಿಗೆ ಅಲೆಯದೆ ಬೆಟ್ಟ ಸುತ್ತುವ ಆಸೆಯಿದ್ದರೆ ಇನ್ನೊಂದು ಉಪಾಯವೂ ಇದೆ. ಕಾರ್ತಿಕದಲ್ಲಿ ಅಷ್ಟತೀರ್ಥೋತ್ಸವ ನಡೆಯುತ್ತದೆ. ಕಲ್ಯಾಣಿಯಿಂದ ಹೊರಟ ಜನ ಊರ ಸುತ್ತಿನ ಬೆಟ್ಟಗಳಲ್ಲಿ ಒಂದೊಂದೇ ತೀರ್ಥ ಮುಟ್ಟುತ್ತ ತೊಟ್ಟಿಲುಮಡುವಿನವರೆಗೆ ಕಾಲ್ನಡಿಗೆಯಲ್ಲೇ ಸಾಗುತ್ತಾರೆ. ಮಗಳು ಹೇಳಿದ ಬಣ್ಣದ ಗುರುತು ಅಲ್ಲಿಲ್ಲ, ಮುಂದೆ ಹೋಗುವವರ ಬೆನ್ನೇ ಗುರುತು. ಅವಳು ರಜೆಗೆ ಬರುವುದಾದರೆ ಆ ಹೊತ್ತಿಗೇ ಬರಹೇಳಿ. ಪ್ಲಾಸ್ಟಿಕ್ ಬಾಟಲಿ ಬದಲು ತಂಬಿಗೆ ಹಿಡಿದು ಹೊರಡಿ.